ಅಕ್ಷರಬಂಡಿ ಕೆಟ್ಟು ನಿಂತ ಶುಕ್ರವಾರ

ಮದ್ದೂರಿನ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಬ್ರೀನಳ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬೀಗರ ಔತಣದ ಕಾರ್ಡು, ತಿಥಿ ಕಾರ್ಡು, ನಾಟಕದ ಕರಪತ್ರ, ಯಾವುದನ್ನೇ ಅಚ್ಚು ಹಾಕಿಸಬೇಕಾದರೂ ಸುತ್ತಲಿನ ಹಳ್ಳಿಯವರು ಮೊದಲು ಅವಳ ಬಾಗಿಲಿಗೇ ಬರುತ್ತಾರೆ. ಬೇರೆ ಅಂಗಡಿಗಳಲ್ಲಿ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಅಲ್ಲಿ ವರನ ತಂದೆಯ ಹೆಸರಿನ ಮುಂದೆ ‘ದಿವಂಗತ’ ಬಂದು ಕೂತು, ಆ ಮನುಷ್ಯ ಮದುವೆ ಮನೆಯಲ್ಲಿ ಎಲೆ ಹಾಕಿಸುತ್ತ ಓಡಾಡಿದ್ದೂ ಉಂಟು. ಶಬ್ರೀನಳ ಅಂಗಡಿಯಲ್ಲಿ ಹಾಗಾಗುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವಳ ಅಪ್ಪ ಖಾಸಿಂ ಸಾಬರು ಕೆಂಪು ಪೆನ್ನು ಹಿಡಿದು ಕೂತಿರುತ್ತಾರೆ. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ಮೊಳೆ ಜೋಡಿಸಿ ಪುಟ ಕಟ್ಟಿದವರು. ಅವರ ಕಣ್ಣು ತಪ್ಪಿಸಿ ಒಂದು ಅರ್ಕಾವೊತ್ತು ಕೂಡ ಈ ಹೊಸ್ತಿಲು ದಾಟಿದ್ದಿಲ್ಲ.

ಆ ಶುಕ್ರವಾರ ಹತ್ತು ಗಂಟೆಗೆಲ್ಲ ನಿಡಘಟ್ಟದ ಮಾದಯ್ಯ ಬಂದು ಕೂತಿದ್ದರು. ಮರುದಿನ ಅವರೂರಿನಲ್ಲಿ ಪೌರಾಣಿಕ ನಾಟಕ. ಊರಿನವರೇ ಪಾತ್ರಧಾರಿಗಳು. ಮಾದಯ್ಯನವರದು ರಾಕ್ಷಸ ರಾಜನ ಪಾತ್ರ. ಮನೆಯಲ್ಲಿ ಹೆಂಡತಿ ಯಶೋದಮ್ಮ ತಟ್ಟೆಗೆ ಎರಡನೇ ಮುದ್ದೆ ಇಟ್ಟರೆ ಬೇಡವೆನ್ನಲೂ ಹೆದರುವ ಮನುಷ್ಯ, ಒಂದು ತಿಂಗಳಿಂದ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಮೂರು ಲೋಕವನ್ನೂ ಗದರಿಸುವುದು ಕಲಿಯುತ್ತಿದ್ದರು.

ಕರಪತ್ರ ಎರಡು ದಿನದ ಹಿಂದೆಯೇ ಸಿದ್ಧವಾಗಿತ್ತು. ಆದರೆ ದೇವಲೋಕದ ರಾಜನ ಪಾತ್ರ ಮಾಡುವ ಸಿದ್ದರಾಜು ತನ್ನ ಫೋಟೊ ಚೆನ್ನಾಗಿಲ್ಲವೆಂದು ಹಟ ಹಿಡಿದು, ಕಪ್ಪು ಕನ್ನಡಕ ಹಾಕಿಕೊಂಡ ಬೇರೆ ಫೋಟೊ ಕಳಿಸಿದ್ದ. ಅದೊಂದನ್ನು ಬದಲಾಯಿಸಿ ಐನೂರು ಪ್ರತಿ ತೆಗೆದರೆ ಮುಗಿಯಿತು. ಮಾದಯ್ಯ ಮೂರು ಗಂಟೆಯ ಬಸ್ಸಿಗೆ ಕಟ್ಟು ಹಿಡಿದು ಹತ್ತಬೇಕು. ನಾಲ್ಕಕ್ಕೆ ಮೈಕು ಕಟ್ಟಿದ ಆಟೊ ನಿಡಘಟ್ಟದಿಂದ ಹೊರಟು ಹಳ್ಳಿಹಳ್ಳಿಗೆ ಕರಪತ್ರ ಹಂಚಬೇಕು.

“ಹತ್ತು ನಿಮಿಷ ಯಜಮಾನ್ರೆ,” ಎಂದು ಶಬ್ರೀನ್ ಸ್ಕ್ರೀನಿನ ಮೇಲೆ ಕರಪತ್ರ ತೆರೆದಳು. ಅಷ್ಟರಲ್ಲಿ ಯಾರೋ ಪಾಸ್‌ಪೋರ್ಟ್ ಸೈಜ್ ಫೋಟೊ ಕೇಳಿಕೊಂಡು ಬಂದರು. ಅವರಿಗೆ ಕತ್ತರಿಸಿ ಕೊಟ್ಟು ವಾಪಸ್ಸು ಬಂದು ಕೂತರೆ ಕರಪತ್ರವಿಲ್ಲ. ಅಕ್ಷರಬಂಡಿಯೂ ಇಲ್ಲ.

ಅಕ್ಷರಬಂಡಿ ಎಂದರೆ ಅವಳು ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದ ಕನ್ನಡ ಸಾಫ್ಟ್‌ವೇರು. ತೆರೆಯುವಾಗ ಒಂದು ಎತ್ತಿನ ಗಾಡಿಯ ಚಿತ್ರ ಬಂದು, ಗಾಲಿ ನಾಲ್ಕು ಸುತ್ತು ತಿರುಗಿ, ಆಮೇಲೆ ಪುಟ ಕಾಣಿಸುತ್ತದೆ. ಈಗ ಶಬ್ರೀನ್ ಒತ್ತಿದಳು. ಗಾಡಿ ಬಂತು. ಗಾಲಿ ಎರಡು ಸುತ್ತು ತಿರುಗಿತು. ಗಾಡಿ ಮಾಯವಾಯಿತು. ಮತ್ತೆ ಒತ್ತಿದಳು. ಎರಡು ಸುತ್ತು, ಮಾಯ. ಏನಾಯಿತು, ಯಾಕಾಯಿತು ಎಂಬ ಒಂದು ಮಾತೂ ಇಲ್ಲ.

“ಯಜಮಾನ್ರೆ, ಇಲ್ಲಿ ಏನಾದ್ರೂ ಮುಟ್ಟಿದ್ರಾ?”

“ನಾನ್ಯಾಕವ್ವ ಮುಟ್ಲಿ? ನಂಗೇನ್ ಗೊತ್ತದೆ ಅದ್ರಲ್ಲಿ?” ಎಂದು ಮಾದಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಫ್ಯಾನು ಅವರ ನೆತ್ತಿಯ ಮೇಲೇ ತಿರುಗುತ್ತಿತ್ತು.

ಶಬ್ರೀನ್ ಕಂಪ್ಯೂಟರ್ ಆರಿಸಿ ಹಚ್ಚಿದಳು. ಗಾಡಿ ಬಂತು, ಹೋಯಿತು. ಪ್ಲಗ್ಗು ಕಿತ್ತು, ನೂರು ಎಣಿಸಿ, ಮತ್ತೆ ಹಾಕಿದಳು. ಅದೇ ಕತೆ.

“ನಮ್ ಪಂಪ್‌ಸೆಟ್ಟೂ ಹಿಂಗೇ ಆಡ್ತಿತ್ತು ಕಣವ್ವ,” ಎಂದರು ಮಾದಯ್ಯ. “ಗುರ್ ಅನ್ನೋದು, ನಿಂತೋಗೋದು. ಒಂದು ಬಿಂದಿಗೆ ನೀರು ಉಯ್ದೆ ನೋಡು, ಎತ್ಕತು.”

“ಇದಕ್ಕೆ ನೀರು ಹುಯ್ಯಕ್ಕಾಗಲ್ಲ ಯಜಮಾನ್ರೆ.”

“ಅಂಗಲ್ಲ, ಒಂದ್ ಮಾತ್ಗೆ ಯೋಳ್ದೆ.”

ಹನ್ನೆರಡೂವರೆಗೆ ಖಾಸಿಂ ಸಾಬರು ಟೋಪಿ ಹಾಕಿಕೊಂಡು ಜುಮ್ಮಾ ನಮಾಜಿಗೆ ಎದ್ದರು. “ಬಂಡಿಗೂ ಸೇರ್ಸಿ ಬೇಡ್ಕಳಿ ಸಾಬ್ರೆ,” ಎಂದು ಮಾದಯ್ಯ ಕೈ ಮುಗಿದು ಕಳಿಸಿಕೊಟ್ಟರು. ಶಬ್ರೀನ್ ಮೇಲಿನ ಅಂತಸ್ತಿನಿಂದ ಶಿವರಾಜುವನ್ನು ಕರೆದಳು. ಆ ಕಟ್ಟಡದಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ಅವನೇ.

ಶಿವರಾಜು ಬಂದವನೇ ಏನೂ ಕೇಳದೆ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದ. ಒಳಗಿನಿಂದ ಒಂದು ಹಸಿರು ಪಟ್ಟಿ ಕಿತ್ತು, ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ಅದರ ಅಂಚನ್ನು ಗಸಗಸ ತಿಕ್ಕಿದ. ಬ್ರಶ್ಶಿನಿಂದ ಧೂಳು ಹೊಡೆದ. ಧೂಳು ಮಾದಯ್ಯನವರ ಮೂಗಿಗೆ ಹೋಗಿ ಅವರು ಏಳು ಸಲ ಸೀನಿದರು. ಗಾಡಿ ಮಾತ್ರ ಎರಡು ಸುತ್ತಿಗಿಂತ ಮುಂದೆ ಹೋಗಲಿಲ್ಲ. ಆಂಟಿವೈರಸ್ ನಿಲ್ಲಿಸಿ ನೋಡಿದ. ಅಕ್ಷರಬಂಡಿಯನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿದ. ಅದಕ್ಕೇ ಮುಕ್ಕಾಲು ಗಂಟೆ ಹೋಯಿತು. ಗಾಡಿ ಬಂತು, ಹೋಯಿತು.

“ಫಾರ್ಮ್ಯಾಟ್ ಒಡ್ದ್‌ಬುಡಾನ ಅಕ್ಕ.”

“ಒಳಗಿರೋದು ಎಂಟು ವರ್ಷದ ಕೆಲಸ ಕಣೋ. ಫಾರ್ಮ್ಯಾಟ್ ಅಂತ ಇನ್ನೊಂದ್ಸಲ ಅಂದ್ರೆ ನಿನ್ನ ರಬ್ಬರ್ ಕಿತ್ಕೊಂಡು ಓಣಿಗೆ ಎಸೀತೀನಿ.”

ಶಿವರಾಜು ರಬ್ಬರನ್ನು ಜೇಬಿಗೆ ಹಾಕಿಕೊಂಡು ಮತ್ತೆ ಸ್ಕ್ರೀನಿಗೆ ಬಗ್ಗಿದ. “ಬೆಳಿಗ್ಗೆ ಅತ್ತೂವರೆಗೆ ಅಪ್‌ಡೇಟ್ ಆಗದೆ ಅಕ್ಕ. ನೀನೇ ಒತ್ತಿದ್ದಾ?”

ಶಬ್ರೀನ್ ಒತ್ತಿರಲಿಲ್ಲ. ಮೂರು ತಿಂಗಳಿಂದ ಆ ಅಪ್‌ಡೇಟು ದಿನಾ ಬಂದು ಕೇಳುತ್ತಿತ್ತು. ಮದುವೆ ಸೀಜನ್ನಿನಲ್ಲಿ ಈ ತಂಟೆ ಬೇಡವೆಂದು ಅವಳು ದಿನಾ ಬೇಡ ಎನ್ನುತ್ತಿದ್ದಳು. ಇಬ್ಬರೂ ಒಟ್ಟಿಗೇ ತಿರುಗಿ ಮಾದಯ್ಯನವರನ್ನು ನೋಡಿದರು.

ಮಾದಯ್ಯ ಟವೆಲನ್ನು ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು.

“ಒಂದು ಚೌಕ ಬಂತು ಕಣವ್ವ. ಕನ್ನಡದಲ್ಲೇ ಬರ್ದಿತ್ತು. ‘ಹೊಸ ಆವೃತ್ತಿ ಸಿದ್ಧವಾಗಿದೆ, ತಮ್ಮ ಸಮ್ಮತಿ ಇದೆಯೇ’ ಅಂತ. ಬ್ಯಾಂಕಲ್ಲಾಗ್ಲಿ ಆಫೀಸಲ್ಲಾಗ್ಲಿ ನನ್ನ ಯಾರೂ ಇಷ್ಟು ಮರ್ವಾದೆ ಕೊಟ್ಟು ಕೇಳಿಲ್ಲ. ಆಗಲ್ಲ ಅನ್ನಕ್ಕೆ ಬಾಯ್ ಬರ್ನಿಲ್ಲ. ಸಮ್ಮತಿ ಅದೆ ಅಂತ ಒತ್ಬುಟ್ಟೆ.”

ಶಬ್ರೀನಳಿಗೆ ಕೂಗಾಡಬೇಕೆನಿಸಿತು. ಬೆಳಿಗ್ಗೆಯಿಂದ ಅನ್ನ ನೀರಿಲ್ಲದೆ ಕೂತಿದ್ದಾಳೆ, ಗಂಟೆ ಒಂದೂಕಾಲು ದಾಟಿದೆ. ಆದರೆ ಮೂರು ಲೋಕದ ಒಡೆಯ ಟವೆಲಿನ ಅಂಚನ್ನು ಮಗುವಿನಂತೆ ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದು ಕಂಡು ಕೋಪ ಗಂಟಲಲ್ಲೇ ನಗುವಾಗಿಬಿಟ್ಟಿತು. ಅದನ್ನು ಅಡಗಿಸಲು ಅವಳು ಫೋನು ತೆಗೆದು ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಳು.

ಇಪ್ಪತ್ತು ನಿಮಿಷ ವೀಣೆ ಕೇಳಿಸಿದರು. ಆಮೇಲೆ ಒಂದು ಹುಡುಗಿಯ ದನಿ ಬಂತು. “ನಮಸ್ಕಾರ. ಅಕ್ಷರಬಂಡಿ ಸಹಾಯವಾಣಿಗೆ ಸ್ವಾಗತ. ನನ್ನ ಹೆಸರು ರಂಜಿತ. ತಮ್ಮ ಸಮಸ್ಯೆಯನ್ನು ದಯವಿಟ್ಟು ವಿವರಿಸುವಿರಾ?”

ಶಬ್ರೀನ್ ಸ್ಪೀಕರ್ ಹಾಕಿ ಎಲ್ಲ ಹೇಳಿದಳು. ಅತ್ತ ಕಡೆ ಟಕಟಕ ಸದ್ದಾಯಿತು. “ತಮ್ಮ ದೂರನ್ನು ದಾಖಲಿಸಿಕೊಳ್ಳಲಾಗಿದೆ. ನಲವತ್ತೆಂಟು ಗಂಟೆಗಳ ಒಳಗಾಗಿ ನಮ್ಮ ತಂತ್ರಜ್ಞರು...”

ಆ ಮಾತು ಮುಗಿಯುವ ಮೊದಲೇ ಫೋನಿನೊಳಗೆ ಕಿವಿ ಕಿತ್ತುಹೋಗುವಂತೆ ಹಾಡು ಹಾಕಿಕೊಂಡು ಒಂದು ಟ್ರ್ಯಾಕ್ಟರು ಹಾದುಹೋಯಿತು. ಅದರ ಹಿಂದೆ ಇನ್ನೊಂದು. ಕಬ್ಬು ತುಂಬಿದ ಟ್ರ್ಯಾಕ್ಟರಲ್ಲದೆ ಬೇರೆ ಯಾವುದೂ ಹಾಗೆ ಏದುಸಿರು ಬಿಡುವುದಿಲ್ಲ ಎಂಬುದು ಅಂಗಡಿಯಲ್ಲಿದ್ದ ಮೂವರಿಗೂ ಗೊತ್ತು.

“ರಂಜಿತ, ನೀವು ಎಲ್ಲಿಂದಮ್ಮ ಮಾತಾಡ್ತಿರೋದು?”

ಆ ಕಡೆಯಿಂದ ಸಣ್ಣ ದನಿ ಬಂತು. “ಮನೆಯಿಂದಲೇ ಮೇಡಂ. ಭಾರತೀನಗರ.”

“ಅಯ್ಯೋ ನಮ್ ದೊಡ್ಡಿ ಮಗಳು!” ಎಂದು ಮಾದಯ್ಯ ಎದ್ದು ನಿಂತರು. ಭಾರತೀನಗರಕ್ಕೆ ಸುತ್ತಲಿನವರ ಬಾಯಲ್ಲಿ ದೊಡ್ಡಿ ಎಂದೇ ಹೆಸರು. “ನಾವಿಲ್ಲೇ ಮದ್ದೂರಲ್ಲಿವಿ ಕಣವ್ವ! ಯಾರ್ ಮಗಳು ನೀನು? ಅಂಗೇ ಬಸ್ಸತ್ತಿ ಬಂದ್ಬುಡು!”

“ಮದ್ದೂರಾ? ಮೊದ್ಲೇ ಯೋಳ್ಬಾರ್ದಾ ಅಕ್ಕ!” ರಂಜಿತಳ ಪುಸ್ತಕದ ಕನ್ನಡ ಅಲ್ಲಿಗೆ ಮುಗಿಯಿತು. “ಬರದು ಬ್ಯಾಡ, ಇಲ್ಲಿಂದ್ಲೇ ನೋಡಾನ. ನಾನು ಸೇರಿ ಮೂರೇ ತಿಂಗಳು, ನಂಗೂ ಪೂರ್ತಿ ಗೊತ್ತಿಲ್ಲ. ಬಂಡಿ ಏನೇನ್ ಮಾಡ್ತು ಅಂತ ಒಂದು ಫೈಲಲ್ಲಿ ಬರ್ಕತಾ ಓಯ್ತದೆ. ಅದ್ನ ತೆಗ್ದು ಕೊನೇ ಸಾಲು ಓದು.”

ಅವಳು ಹೇಳಿದ ದಾರಿ ಹಿಡಿದು ಶಬ್ರೀನ್ ಆ ಫೈಲು ಹುಡುಕಿ ತೆರೆದಳು. ಕೊನೆಯ ಸಾಲು ಇಂಗ್ಲಿಷಿನಲ್ಲಿತ್ತು. ಬೆರಳಿಟ್ಟು ಓದಿದಳು. “ಫೋಲ್ಡರ್ ಸಿಗಲಿಲ್ಲ ಅಂತಿದೆ. ಸಿ ಡ್ರೈವ್. ಆಮೇಲೆ ಯೂಸರ್ಸ್. ಆಮೇಲೆ... ಬರೀ ಪ್ರಶ್ನಾರ್ಥಕ ಚಿಹ್ನೆ. ಒಂದು, ಎರಡು... ಏಳಿದೆ.”

“ಪಾಪ, ಅದ್ಕೂ ಡೌಟು ಬಂದದೆ,” ಎಂದರು ಮಾದಯ್ಯ.

“ಪ್ರಶ್ನೆ ಯಾಕೆ ಬತ್ತು?” ಎಂದು ರಂಜಿತ ಗೊಣಗಿಕೊಂಡಳು. ಶಿವರಾಜುವಿನ ಕೈ ತನ್ನಷ್ಟಕ್ಕೇ ರಬ್ಬರಿದ್ದ ಜೇಬಿನ ಕಡೆ ಹೋಯಿತು.

ಆ ಹೊತ್ತಿಗೆ ಖಾಸಿಂ ಸಾಬರು ಮಸೀದಿಯಿಂದ ಬಂದರು. ಎಲ್ಲರ ತಲೆಗಳ ನಡುವೆ ತಮ್ಮ ತಲೆಯನ್ನೂ ತೂರಿಸಿ, ಕನ್ನಡಕ ಸರಿಮಾಡಿಕೊಂಡು, ಕರಡು ತಿದ್ದುವ ಗತ್ತಿನಲ್ಲೇ ಆ ಸಾಲನ್ನು ನೋಡಿದರು.

“ಇದು ಪ್ರಶ್ನೆ ಅಲ್ಲ,” ಎಂದರು. “ಮೊಳೆ ಸಾಲದೆ ಬಂದಿರೋದು.”

“ಅಂದ್ರೆ ಅಬ್ಬಾ?” ಎಂದು ಶಬ್ರೀನ್ ಅಪ್ಪನ ಕಡೆ ತಿರುಗಿದಳು.

“ಪ್ರೆಸ್ಸಲ್ಲಿ ಜೋಡಿಸ್ತಾ ಇರೋವಾಗ ಒಂದಕ್ಷರದ ಮೊಳೆ ಖಾಲಿ ಆದ್ರೆ ಏನ್ ಮಾಡ್ತಿದ್ವಿ? ಬೇರೆ ಯಾವ್ದಾದ್ರೂ ಮೊಳೆನ ತಲೆಕೆಳಗೆ ಕೂರಿಸ್ತಿದ್ವಿ. ಜಾಗ ಹಿಡ್ಕಳಕ್ಕೆ. ಕರಡಲ್ಲಿ ಅಲ್ಲಿ ಕರೀ ಕಲೆ ಬೀಳೋದು. ಈ ಬಂಡಿಯವ್ರೂ ಅದೇ ಮಾಡವ್ರೆ. ಈ ಮಿಷಿನ್ ಹತ್ರ ಏಳು ಅಕ್ಷರಕ್ಕೆ ಮೊಳೆ ಇಲ್ಲ. ಅಲ್ಲಿ ಯಾವ ಪದ ಇರಬೇಕಿತ್ತು, ಅದ ನೋಡು.”

ಶಬ್ರೀನ್ ನೋಡಿದಳು. ಯೂಸರ್ಸ್ ಆದ ಮೇಲೆ ಬರಬೇಕಾದ್ದು ಕಂಪ್ಯೂಟರಿನ ಒಡೆಯರ ಹೆಸರು.

ಎಂಟು ವರ್ಷದ ಹಿಂದೆ ಕಂಪ್ಯೂಟರ್ ಹೊಸದಾಗಿ ಬಂದ ದಿನ ಅದು ಹೆಸರು ಕೇಳಿತ್ತು. ಅಬ್ಬಾ ನೀವೇ ಹೊಡೀರಿ ಎಂದು ಅವಳು ಕುರ್ಚಿ ಬಿಟ್ಟುಕೊಟ್ಟಿದ್ದಳು. ಸೀಸದ ಮೊಳೆಗಳಲ್ಲಿ ಸಾವಿರಾರು ಪುಟ ಜೋಡಿಸಿದ್ದ ಆ ಕೈ ಒಂದೇ ಬೆರಳಲ್ಲಿ, ಕೀಲಿಯ ಮೇಲೆ ಅಂಟಿಸಿದ್ದ ಕನ್ನಡ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತಿತ್ತು. ಶ. ಬ. ಅದಕ್ಕೊಂದು ಹಲಂತದ ಗುರುತು. ರ. ದೀರ್ಘ. ನ. ಮತ್ತೊಂದು ಹಲಂತ. ಒಟ್ಟು ಏಳು. ಕಂಪ್ಯೂಟರಿನಲ್ಲಿ ಖಾಸಿಂ ಸಾಬರು ಬರೆದ ಮೊದಲ ಪದ ಅದು.

“ಶಬ್ರೀನ್,” ಎಂದಳು ಅವಳು. “ಅಲ್ಲಿರಬೇಕಾದ್ದು ನನ್ನ ಹೆಸರು. ಕನ್ನಡದಲ್ಲಿದೆ.”

“ಅಕ್ಕಾ!” ಫೋನಿನಲ್ಲಿ ರಂಜಿತ ಕಿರುಚಿದಳು. “ಅದೇ ಕಣಕ್ಕ! ಹೊಸ ಆವೃತ್ತಿಗೆ ಫೋಲ್ಡರ್ ಹೆಸ್ರು ಕನ್ನಡದಲ್ಲಿದ್ರೆ ಓದಕ್ಕಾಯ್ತಿಲ್ಲ!”

ಮಾದಯ್ಯ ಫೋನಿನ ಹತ್ತಿರಕ್ಕೆ ಬಗ್ಗಿದರು. “ಅಲ್ಲ ಕಣವ್ವ, ಕನ್ನಡ ಬರೆಯೋದ್ಕೇ ಇರೋದು ಇದು. ಇದ್ಕೇ ಕನ್ನಡ ಓದಕ್ಕೆ ಬರದಿಲ್ವಾ?”

ರಂಜಿತ ತನಗೆ ಕೊಟ್ಟಿದ್ದ ಉತ್ತರಗಳ ಪಟ್ಟಿಯ ಹಾಳೆ ಮಗುಚುವ ಸದ್ದು ಕೇಳಿಸಿತು. ಆ ಕಡೆ ಮತ್ತೊಂದು ಟ್ರ್ಯಾಕ್ಟರು ಹೋಯಿತು.

ಶಿವರಾಜು ಮುಂದೆ ಬಂದು ಹೆಸರನ್ನು ಇಂಗ್ಲಿಷಿಗೆ ಬದಲಾಯಿಸಿದ. ಮೇಲೆ ಬದಲಾಯಿತು, ಒಳಗಿನ ಫೋಲ್ಡರಿನ ಹೆಸರು ಕದಲಲಿಲ್ಲ. ಅದು ಮೊದಲ ದಿನ ಕೂತದ್ದು, ಹಾಗೆಲ್ಲ ಏಳುವುದಿಲ್ಲ ಎಂದಳು ರಂಜಿತ. ಇಂಗ್ಲಿಷ್ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ಅದರಲ್ಲಿ ಬಂಡಿ ಹೂಡಬೇಕು. ಫೈಲುಗಳನ್ನು ಅಲ್ಲಿಗೆ ನಕಲು ಮಾಡಿದರಾಯಿತು, ಹಳೆಯದು ಇದ್ದಲ್ಲೇ ಇರುತ್ತದೆ.

ಹೊಸ ಖಾತೆ ಹೆಸರು ಕೇಳಿತು. ಶಬ್ರೀನಳ ಬೆರಳು ನಿಂತಿತು. ಇಂಗ್ಲಿಷಿನಲ್ಲಿ ಅವಳ ಹೆಸರು ಆಧಾರಿನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ, ವೋಟರ್ ಐಡಿಯಲ್ಲಿ ಅವಳೇ ಅಲ್ಲವೆನ್ನುವ ಥರ ಇತ್ತು. ಯಾವುದನ್ನು ಹಾಕುವುದು ಎಂದು ಯೋಚಿಸುತ್ತಿದ್ದಂತೆ ಮಾದಯ್ಯ ನಿಡಘಟ್ಟ ಅಂತ ಹಾಕು ಎಂದರು, ಶಿವರಾಜು ತನ್ನ ಹೆಸರು ಹೇಳಿದ. ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು. ಅವಳು ‘ಮದ್ದೂರು’ ಎಂದು ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಒತ್ತಿದಳು.

ಫೈಲು ನಕಲಾಗಲು ಹದಿನೈದು ನಿಮಿಷ. ಆಮೇಲೆ ಒತ್ತಿದಳು. ಗಾಡಿ ಬಂತು. ಗಾಲಿ ಒಂದು ಸುತ್ತು, ಎರಡು ಸುತ್ತು. ಮೂರು. ನಾಲ್ಕು. ಪುಟ ತೆರೆಯಿತು, ನಾಟಕದ ಹನ್ನೆರಡು ಪಾತ್ರಧಾರಿಗಳೂ ತಮ್ಮ ತಮ್ಮ ಫೋಟೊಗಳಲ್ಲಿ ಗಂಭೀರವಾಗಿ ಕೂತಿದ್ದರು.

“ಆಹಾಹಾಹಾ!” ಎಂದು ಮಾದಯ್ಯ ನಕ್ಕರು. ಅದು ಬದುವಿನ ಮೇಲೆ ಒಂದು ತಿಂಗಳು ಸಾಧಿಸಿದ ನಗು. ಬಸ್ ನಿಲ್ದಾಣದಿಂದ ಮೂರು ಜನ ಏನಾಯಿತೆಂದು ಓಡಿ ಬಂದರು. ಫೋನಿನಲ್ಲಿ ರಂಜಿತ, “ಅಜ್ಜೋ, ಕಿವಿ!” ಎಂದಳು.

ಸಿದ್ದರಾಜುವಿನ ಕಪ್ಪು ಕನ್ನಡಕ ದೇವಲೋಕಕ್ಕೆ ಏರಿತು. ಖಾಸಿಂ ಸಾಬರು ಅಂಥ ಅವಸರದಲ್ಲೂ ಒಂದು ಪ್ರತಿ ತೆಗೆಸಿ, ‘ಸಂಗೀತ ನಿರ್ದೇಶಕರು’ ಎಂಬಲ್ಲಿ ಜಾರಿದ್ದ ಒಂದು ಸೊನ್ನೆಯನ್ನು ಕೆಂಪು ಪೆನ್ನಿನಲ್ಲಿ ಹಿಡಿದರು. ತಿದ್ದಿದ ಮೇಲೆ ಮಿಷಿನ್ನು ಐನೂರು ಪ್ರತಿ ಉಗುಳಿತು. ಮಾದಯ್ಯ ಬಿಸಿ ಬಿಸಿ ಕಟ್ಟನ್ನು ಎದೆಗವಚಿಕೊಂಡು ಓಡಿದರು. ಹೊರಟಿದ್ದ ಬಸ್ಸು ಅವರ ಕೂಗಿಗೇ ನಿಂತಿತಂತೆ.

ಶಬ್ರೀನ್ ತಣ್ಣಗಾದ ಊಟದ ಡಬ್ಬಿ ಬಿಚ್ಚುವಾಗ ಕಂಪನಿಯಿಂದ ಒಂದು ಮೇಲ್ ಬಂತು. ತಮ್ಮ ದೂರು ಪರಿಹಾರವಾಗಿದೆ, ಅನಿಸಿಕೆ ತಿಳಿಸಿ ಎಂದು. ಐದು ನಕ್ಷತ್ರ ಒತ್ತಿ ಮುಗಿಸೋಣವೆಂದಳು. ಖಾಸಿಂ ಸಾಬರು ಬಿಡಲಿಲ್ಲ. ಕುರ್ಚಿ ಎಳೆದು ಕೂತು, ಒಂದು ಗಂಟೆ ಹಿಡಿದು ಬರೆದರು: “ಮಾನ್ಯರೇ, ನಿಮ್ಮ ಹೊಸ ಆವೃತ್ತಿಯಲ್ಲಿ ಒಂದು ಅಚ್ಚಿನ ತಪ್ಪಿದೆ. ನನ್ನ ಮಗಳ ಹೆಸರಿನ ಏಳು ಅಕ್ಷರಗಳಿಗೆ ನಿಮ್ಮಲ್ಲಿ ಮೊಳೆ ಇಲ್ಲದಿರುವುದು ಕಂಡುಬಂದಿದೆ. ತರಿಸಿಕೊಳ್ಳತಕ್ಕದ್ದು. ಭಾರತೀನಗರದ ಹುಡುಗಿಯ ಕೆಲಸದಲ್ಲಿ ತಪ್ಪಿಲ್ಲ.”

ಸೋಮವಾರ ರಂಜಿತ ತಾನಾಗಿ ಫೋನು ಮಾಡಿದಳು. ಆ ಕಾಗದವನ್ನು ಅವಳ ಮೇಲಿನವರು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದರಂತೆ. ಹೆಸರಿನ ತೊಂದರೆ ಸರಿಮಾಡಲು ಇಬ್ಬರನ್ನು ಕೂರಿಸಿದ್ದಾರಂತೆ. ಆದರೆ ಅವರಿಗೆ ಒಂದು ಸಂಶಯ: ಈ ಮೊಳೆ ಎಂದರೇನು, ಎಲ್ಲಿ ಸಿಗುತ್ತದೆ?

“ಅಬ್ಬಾಗೆ ಕೊಡ್ತೀನಿ ಇರು,” ಎಂದು ಶಬ್ರೀನ್ ಫೋನು ದಾಟಿಸಿದಳು. ಅರ್ಧ ಗಂಟೆಯಾದರೂ ಖಾಸಿಂ ಸಾಬರು ಫೋನು ಕೆಳಗಿಡಲಿಲ್ಲ. ಕೈಯಲ್ಲಿ ತಿಥಿ ಕಾರ್ಡಿನ ಕರಡು ಹಿಡಿದ ಇಬ್ಬರು ಗಿರಾಕಿಗಳು ಬೆಂಚಿನ ಮೇಲೆ ಕೂತು, ಸೀಸ ಕಾಯಿಸಿ ಮೊಳೆ ಎರಕ ಹೊಯ್ಯುವ ವಿಚಾರವನ್ನು ಬಾಯಿ ತೆರೆದುಕೊಂಡು ಕೇಳುತ್ತಿದ್ದರು.