ಮೆಟ್ಟಿಲಿಗೊಂದು ಸರಪಳಿ

ಹದಿನೇಳು ವರ್ಷ ಸೈನ್ಯದಲ್ಲಿದ್ದರೂ ಸಿಪಾಯಿ ಒಂದು ಯುದ್ಧವನ್ನೂ ಕಂಡವನಲ್ಲ. "ಭಾವ, ನಿಮ್ಮ ಬಂದೂಕಿಗೆ ತುಕ್ಕು ಹಿಡಿದಿರಬೇಕು," ಎಂದು ವೆಲ್ಡಿಂಗ್ ಅಂಗಡಿಯ ಭಾವಮೈದ ಪ್ರತಿ ರಜೆಯಲ್ಲೂ ಕಾಲೆಳೆಯುತ್ತಿದ್ದ. ಈ ಸಲ ಮಾತ್ರ ಅವನ ಬಾಯಿ ಕಟ್ಟಿತು.

ಅವತ್ತು ಬೆಳಿಗ್ಗೆ ಕಾಲುವೆಯ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದ ಶಾಲೆಯ ಟೀಚರಮ್ಮ ಪಾಚಿಗೆ ಜಾರಿದರು. ಹಿಡಿಯಲು ಹೋದ ಮಗಳೂ ಬಿದ್ದಳು. ಅಲ್ಲೇ ಹೊಸ ಬಟ್ಟೆ ನೆನೆಹಾಕುತ್ತಿದ್ದ ಮುದುಕ ದರ್ಜಿ ಹಿಂದುಮುಂದು ನೋಡದೆ ಹಾರಿದ. ಸೇತುವೆ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಸಿಪಾಯಿ ಬೂಟು ಸಮೇತ ಧುಮುಕಿದ. ಮಗಳನ್ನು ಜಡೆ ಹಿಡಿದು ಎಳೆತಂದ. ಮತ್ತೆ ಇಳಿದು ಟೀಚರಮ್ಮನನ್ನು ತಂದ. ಮೂರನೇ ಸಲ ದರ್ಜಿಯ ಅಂಗಿಯ ತೋಳು ಕೈಗೆ ಸಿಕ್ಕಿತು, ಜಾರಿತು. ದರ್ಜಿ ಸಿಕ್ಕಿದ್ದು ಮರುದಿನ, ತೂಬಿನ ಹತ್ತಿರ, ಹೆಣವಾಗಿ.

ಸಭೆ ಮಾಡಿ ಸಿಪಾಯಿಗೆ ಪದಕ ಕೊಟ್ಟರು. ಭಾಷಣ ಬಿಗಿದ ಐವರಲ್ಲಿ ಒಬ್ಬರೂ ದರ್ಜಿಯ ಹೆಸರೆತ್ತಲಿಲ್ಲ. "ಎರಡು ಮಾತು ಹೇಳಿ" ಅಂದಾಗ ಸಿಪಾಯಿ, "ದರ್ಜಿಯವರು ನನಗಿಂತ ಮೊದಲು ಹಾರಿದ್ರು. ಜಾರಿದೋರು ಹಿಡ್ಕೊಳ್ಳೋಕೆ ಮೆಟ್ಟಿಲಿಗೊಂದು ಸರಪಳಿ ಹಾಕಿಸಿ, ಸಾಕು," ಅಂದ. ಜೋರು ಚಪ್ಪಾಳೆ ಬಿತ್ತು.

ಆ ಚಪ್ಪಾಳೆ ನಂಬಿ ನಾಲ್ಕು ದಿನ ಕಾಲುವೆ ಕಚೇರಿಗೆ ಅಲೆದ. ಇಂಜಿನಿಯರು ಪ್ರತಿ ಸಲವೂ ಕೂರಿಸಿ ಟೀ ತರಿಸಿದರು.

"ನಿಮ್ಮಂಥವರು ಇರುವಾಗ ಸರಪಳಿ ಯಾಕ್ರೀ?"

"ನನ್ನ ರಜೆ ಇರೋದು ಇನ್ನು ಒಂಬತ್ತೇ ದಿನ, ಸಾರ್."

"ಫೈಲು ಮೇಲಕ್ಕೆ ಹೋಗಿದೆ."

"ಮೇಲಕ್ಕೆ ಹೋಗಿದ್ದು ದರ್ಜಿ. ಫೈಲು ನಿಮ್ಮ ಟೀ ಲೋಟದ ಕೆಳಗಿದೆ."

ಐದನೇ ಸಲ ಕುರ್ಚಿಯೂ ಸಿಗಲಿಲ್ಲ.

"ನಡಿಯೋ, ನಾವೇ ಹಾಕೋಣ," ಎಂದು ಸಿಪಾಯಿ ಭಾವಮೈದನನ್ನು ಎಬ್ಬಿಸಿಕೊಂಡು ಹೋದ. ಇಬ್ಬರೂ ಕಲ್ಲು ಕೊರೆದು, ಕಬ್ಬಿಣದ ಕಂಬ ನೆಟ್ಟು, ಸರಪಳಿ ಬೆಸೆದರು. ಮರುದಿನ ಮಧ್ಯಾಹ್ನ ಕಚೇರಿಯ ಆಳುಗಳು ಬಂದು ಕತ್ತರಿಸಿದರು. ಅನುಮತಿ ಇಲ್ಲವಂತೆ! ಅದೇ ಇಂಜಿನಿಯರ ಸಹಿ. ಸರಪಳಿಗೆ ಬಾರದ ಕಾಗದ ಅದನ್ನು ಕೀಳಲು ಒಂದೇ ದಿನದಲ್ಲಿ ಬಂದಿತ್ತು. ಸಿಪಾಯಿ ಹಲ್ಲು ಕಚ್ಚಿ ಮತ್ತೆ ಹಾಕಿದ. ಮತ್ತೆ ಕಿತ್ತರು. ಅಷ್ಟರಲ್ಲಿ ರಜೆ ಮುಗಿಯಿತು. ನೀರಿನಲ್ಲಿ ಬರದಿದ್ದ ಏದುಸಿರು ಅವನಿಗೆ ರೈಲು ಹತ್ತುವಾಗ ಬಂತು.

ಮೂರು ವಾರದ ಮೇಲೆ ಹೆಂಡತಿ ಫೋನ್ ಮಾಡಿದಳು. "ಇವತ್ತೂ ಕಿತ್ಕೊಂಡು ಹೋದ್ರು. ತಮ್ಮ ಮತ್ತೆ ಹಾಕ್ತಿದಾನೆ."

"ಎಷ್ಟನೇ ಸಲ?"

"ಐದು. ಟೀಚರಮ್ಮ ಸಿಮೆಂಟು ಕಲಸ್ತಿದಾರೆ, ದರ್ಜಿ ಹೆಂಡತಿ ನೀರು ಹೊತ್ತು ಹಾಕ್ತಿದಾರೆ."

"ರಜೆ ಕೇಳಿದೆ ಕಣೇ. ಕೊಡಲ್ಲ ಅಂದ್ರು," ಎಂದ ಸಿಪಾಯಿ. ಆಮೇಲೆ, "ಕಂಬ ಇನ್ನೊಂದು ಮೊಳ ಆಳಕ್ಕೆ ಹೂಳು ಅಂತ ಹೇಳು ಅವನಿಗೆ," ಅಂದ.