ಬೇಯಿಸಿದ ತುಂಡು

ದೋಣಿ ರಿಪೇರಿಯವನನ್ನು ಊರೆಲ್ಲ ಗಿಳಿ ಅಂತಲೇ ಕರೆಯುತ್ತಿತ್ತು. ಯಾರ ದನಿಯಾದರೂ ಒಂದು ಸಲ ಕಿವಿಗೆ ಬಿದ್ದರೆ ಸಾಕು, ಕೆಮ್ಮು ಸಮೇತ ಒಪ್ಪಿಸಿಬಿಡುತ್ತಿದ್ದ. ಅವನ ಖಜಾನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಡಿಕೆಯಿದ್ದದ್ದು ತೀರಿಹೋದ ಅಪ್ಪನ ದನಿಗೆ. ಅಪ್ಪನೂ ಅದೇ ಶೆಡ್ಡಿನಲ್ಲಿ ಜೀವ ತೇಯ್ದವನು. ಪ್ಲೈವುಡ್ ತಂದ ದಿನ ಪ್ರತಿ ಶೀಟಿನ ಮೂಲೆಯಿಂದ ಅಂಗೈಯಗಲದ ತುಂಡು ಕತ್ತರಿಸಿ, ಪಾತ್ರೆಗೆ ಹಾಕಿ ಕುದಿಸುತ್ತಿದ್ದ. ಬೆಂದ ತುಂಡಿನ ಪದರ ಬಿಟ್ಟುಕೊಂಡರೆ ಶೀಟು ಬಂದ ದಾರಿಯಲ್ಲೇ ವಾಪಸ್. ಮಗ ಗರಗಸ ಎತ್ತಿದನೋ, ಒಳಗಿಂದ ಮರಳು ಕಾಗದ ಉಜ್ಜಿದಂಥ ದನಿ ಬರುತ್ತಿತ್ತು: "ಬೇಯಿಸಿದ್ಯೇನೋ?"

ಅಕ್ಕನ ಗಂಡನದು ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿ. ಎಂಜಿನ್ನಿನ ಕೆಳಗೆ ತಳ ಮೆತ್ತಗಾಗಿ, ಹೆಬ್ಬೆರಳು ಒತ್ತಿದರೆ ಒಳಗಿಳಿಯುತ್ತಿತ್ತು. ಭಾವನಿಗೆ ಆತುರ. ದೋಣಿ ದಡದಲ್ಲಿ ಕೂತಷ್ಟು ದಿನ ಗಿರಾಕಿಗಳು ಬೇರೆಯವರ ದೋಣಿ ಹತ್ತುತ್ತಾರೆ, ಹತ್ತಿದವರು ಮತ್ತೆ ಇಳಿದು ಇತ್ತ ಬರುವುದಿಲ್ಲ ಅಂತ ಅವನ ಗೋಳು.

ಇಬ್ಬರೂ ಪ್ಲೈವುಡ್ ಅಂಗಡಿಗೆ ಹೋದರು. ಉದ್ದನೆಯ ಕತ್ತಲೆ ಕೋಣೆ, ಗೋಡೆಗೆ ಒರಗಿ ನಿಂತ ಶೀಟುಗಳು, ಮೂಗಿಗೆ ಅಡರುವ ಅಂಟಿನ ವಾಸನೆ. ಗಿಳಿ ಒಂದೊಂದನ್ನೇ ಮುಂದಕ್ಕೆ ಎಳೆದು, ಅಂಚಿನ ಪದರ ನೋಡಿ, ಬೆರಳ ಗೆಣ್ಣಿನಿಂದ ಕುಟ್ಟಿದ. ಒಳಗೆ ಟೊಳ್ಳಿಲ್ಲದ ಶೀಟು ಟಕ್ ಅನ್ನಬೇಕು. ಮರೈನ್ ಪ್ಲೈ, ಅಂದರೆ ನೀರಿಗೆ ಜಗ್ಗದ್ದು, ಅಂತ ಮುದ್ರೆಯಿದ್ದ ಶೀಟೊಂದು ಎಲ್ಲ ಕಡೆಯೂ ಟಕ್ ಎಂದು, ಮಧ್ಯದಲ್ಲಿ ಮಾತ್ರ ಬೊದ್ ಎಂದಿತು. ಮುಚ್ಚಿದ ಬಾಗಿಲಿನ ಆಚೆಯಿಂದ ಯಾರೋ ಓಗೊಟ್ಟ ಹಾಗೆ. ಗಿಳಿ ಮತ್ತೆ ಕುಟ್ಟುವಷ್ಟರಲ್ಲಿ ಅಂಗಡಿಯವನು ಅದರ ಬೆನ್ನಿಗೆ ಇನ್ನೊಂದು ಶೀಟು ಒರಗಿಸಿದ್ದ. ಈಗ ಎಲ್ಲ ಕಡೆಯೂ ಟಕ್.

ಶೆಡ್ಡಿನವರ ಪದ್ಧತಿ ಅಂಗಡಿಯವನಿಗೆ ಗೊತ್ತಿಲ್ಲದ್ದೇನಲ್ಲ. ಮೇಜಿನ ಕೆಳಗಿನ ಡಬ್ಬಿಯಿಂದ ನೀಟಾಗಿ ಕತ್ತರಿಸಿಟ್ಟ ತುಂಡೊಂದನ್ನು ತೆಗೆದುಕೊಟ್ಟ. ಇದೂ ಅದೇ ಲಾಟಿಂದು, ಬೇಯಿಸೋಕೆ ಇದನ್ನೇ ಒಯ್ಯಿರಿ, ಒಳ್ಳೇ ಶೀಟಿನ ಮೂಲೆ ಯಾಕೆ ಮುಕ್ಕು ಮಾಡ್ತೀರಿ ಎಂದ. ನಮ್ಮ ನಿಮ್ಮ ನಂಟಿನ ಹಾಗೇ ಈ ಅಂಟು, ಬಿಟ್ಟುಕೊಳ್ಳೋ ಜಾತಿಯಲ್ಲ ಅಂತ ಮಾತು ತೇಲಿಸಿದ. ತೇಲಬೇಕಾದದ್ದು ಮಾತಲ್ಲವಲ್ಲ ಎಂದು ಗಿಳಿಯ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಭಾವ, ಬೇಯಿಸುವಾಗ ಉಪ್ಪು ಎಷ್ಟು ಹಾಕ್ತೀಯಪ್ಪ ಅಂತ ಕಿಚಾಯಿಸಿದ. ಗಿಳಿಗೆ ತಡೆಯಲಾಗಲಿಲ್ಲ. ಗಂಟಲು ಬಿಗಿಹಿಡಿದು, ಸೊಂಟದ ಮೇಲೆ ಕೈಯಿಟ್ಟು, ಅಪ್ಪನಾಗಿ ಕೇಳಿದ: "ಬೇಯಿಸಿದ್ಯೇನೋ?"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿಯುವಷ್ಟರಲ್ಲಿ ಅದೇ ಶೀಟು ಗಾಡಿ ಏರಿತ್ತು.

ತುಂಡನ್ನು ಅವನು ಬೇಯಿಸಿದ್ದು ನಿಜ. ಬೆಂದೂ ಅದು ಕಲ್ಲಿನ ಹಾಗೇ ಇತ್ತು. ಅಪ್ಪನಿಗೆ ಮಾತು ಕೊಟ್ಟು ತೀರಿಸಿದಷ್ಟು ಸಮಾಧಾನ. ಶೀಟು ಕತ್ತರಿಸಿ, ತಳಕ್ಕೆ ಕೂಡಿಸಿ, ಬಣ್ಣ ಬಳಿದು ದೋಣಿಯನ್ನು ನೀರಿಗಿಳಿಸಿದ. ಶೀಟಿನಲ್ಲಿ ಉಳಿದ ಚೂರನ್ನು ಅಕ್ಕ ಒಯ್ದಳು. ಸ್ನಾನದ ನೀರು ಕಾಯಿಸುವ ಹಂಡೆಗೆ ಮುಚ್ಚಳವಿರಲಿಲ್ಲ.

ಅಂದಿನಿಂದ ಅದೊಂದು ಆಟವಾಯಿತು. ಬೆಳಿಗ್ಗೆ ದೋಣಿ ದಡ ಬಿಟ್ಟೊಡನೆ ಗಿಳಿ ಅಪ್ಪನ ದನಿಯಲ್ಲಿ ಕೂಗುವುದು, ಭಾವ ಕೈಮುಗಿದು "ಬೇಯಿಸಿದೆ ಮಾವಾ" ಅನ್ನುವುದು, ಟಿಕೆಟ್ ಹರಿಯುವ ಅಕ್ಕನ ಮಗಳು ಹಣೆ ಚಚ್ಚಿಕೊಳ್ಳುವುದು. ನಿತ್ಯದ ಪ್ರಯಾಣಿಕರೂ ದನಿಗೂಡಿಸುತ್ತಿದ್ದರು.

ಈ ನಡುವೆ ತಳದಲ್ಲಿ ನೀರು ನಿಲ್ಲತೊಡಗಿತು. ಮೊದಲು ಒಂದು ಚೊಂಬು, ಆಮೇಲೆ ಬಕೆಟ್ಟು. ಹೊಸ ಮರ, ನೀರು ಕುಡಿದು ಉಬ್ಬಿದರೆ ತಾನೇ ಹೊಂದ್ಕೊಳ್ಳುತ್ತೆ ಅಂತ ಭಾವ. ಹಲಗೆಯ ದೋಣಿಗಾದರೆ ಆ ಮಾತು ಸರಿ. ಪ್ಲೈವುಡ್ ಉಬ್ಬಿದರೆ ಹೊಂದಿಕೊಳ್ಳುವುದಿಲ್ಲ, ಬಿಟ್ಟುಕೊಳ್ಳುತ್ತದೆ. ಗಿಳಿಗೆ ಇದು ಗೊತ್ತಿತ್ತು. ಆದರೆ ತುಂಡು ಬೆಂದು ಗೆದ್ದದ್ದನ್ನು ಕಣ್ಣಾರೆ ನೋಡಿದ್ದನಲ್ಲ. ಎಂಜಿನ್ನಿನ ದಂಡ ಹೊರಹೋಗುವ ತೂತಿನಿಂದಲೇ ನೀರು ಬರುತ್ತಿರಬೇಕು ಎಂದುಕೊಂಡ. ಭಾನುವಾರ ದೋಣಿ ಮೇಲೆಳೆದು ನೋಡಿದರಾಯಿತು.

ಶನಿವಾರ ಬೆಳಿಗ್ಗೆ ಅಕ್ಕ ಒದ್ದೆ ಕೈಯಲ್ಲೇ ಶೆಡ್ಡಿಗೆ ಬಂದಳು. ಎಂಥ ಮುಚ್ಚಳ ಕೊಟ್ಟೆಯೋ ಮಾರಾಯ, ಎತ್ತಿದರೆ ಅರ್ಧ ಕೈಯಲ್ಲಿ, ಅರ್ಧ ಹಂಡೆಯಲ್ಲಿ ಎಂದು ಬೈಯುತ್ತಾ ಚೂರನ್ನು ಮೇಜಿನ ಮೇಲೆ ಹಾಕಿದಳು. ಹಂಡೆಯ ಹಬೆ ಕುಡಿದು ಪದರಗಳೆಲ್ಲ ನೆನೆದ ಪುಸ್ತಕದ ಹಾಗೆ ಅರಳಿ ನಿಂತಿದ್ದವು. ಗಿಳಿ ಒಂದನ್ನು ಎರಡು ಬೆರಳಲ್ಲಿ ಹಿಡಿದೆಳೆದ. ಸದ್ದೇ ಇಲ್ಲದೆ ಬಂತು.

ತಾನು ಬೇಯಿಸಿದ್ದು ಅಂಗಡಿಯವನ ಡಬ್ಬಿಯ ತುಂಡನ್ನೇ ಹೊರತು ಈ ಶೀಟನ್ನಲ್ಲ ಎಂಬುದು ಆಗ ಹೊಳೆಯಿತು.

"ಅಕ್ಕಾ, ಭಾವ ಹೊರಟನಾ?"

"ಆಗಲೇ. ಮಗಳೂ ಹೋಗಿದಾಳೆ. ಇವತ್ತು ಸಂತೆ ಜನ, ಕಾಲಿಡೋಕೆ ಜಾಗ ಇಲ್ಲ. ಯಾಕೋ?"

ಅವನು ದಡಕ್ಕೆ ಓಡಿದ. ಗಾಳಿಯಿರಲಿಲ್ಲ. ನೀರು ಎಣ್ಣೆ ಬಳಿದ ಹಾಗಿತ್ತು, ಸಣ್ಣ ಮಾತೂ ದೂರ ಹೋಗುವಂಥ ಬೆಳಿಗ್ಗೆ. ದೋಣಿ ಇನ್ನೂ ನಡುನೀರು ಮುಟ್ಟಿರಲಿಲ್ಲ. ಹಿಂಭಾಗ ಎಂದಿಗಿಂತ ಕೆಳಗಿತ್ತು.

ತನ್ನದೇ ದನಿಯಲ್ಲಿ ಕೂಗಬೇಕೆಂದು ಬಾಯಿ ತೆರೆದ. ಓಡಿ ಬಂದ ಏದುಸಿರಿಗೆ, ಹೆದರಿಕೆಗೆ ಗಂಟಲು ಕಟ್ಟಿ, ಮರಳು ಕಾಗದ ಉಜ್ಜಿದ ಹಾಗೆ ಅಪ್ಪನ ದನಿಯೇ ಹೊರಬಿತ್ತು: "ತಿರುಗಿಸೋ! ಹಿಂದಕ್ಕೆ ತಿರುಗಿಸೋ!"

ಅನುಕರಣೆ ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ದೋಣಿಯ ಮೇಲೆ ನಗೆಯ ಅಲೆ ಎದ್ದಿತು. ಅಕ್ಕನ ಮಗಳು ಹಣೆ ಚಚ್ಚಿಕೊಂಡದ್ದು ಇಲ್ಲಿಗೂ ಕಂಡಿತು. ಭಾವ ಚುಕ್ಕಾಣಿ ಬಿಟ್ಟು ಎರಡೂ ಕೈ ಮುಗಿದ.

"ಬೇಯಿಸಿದೆ ಮಾವಾ..."

ದಡದಲ್ಲಿ ಹುಟ್ಟು ಹಾಕುವ ಪುಟ್ಟ ದೋಣಿಯಿತ್ತು. ಗಿಳಿ ಅದನ್ನು ನೀರಿಗೆ ತಳ್ಳಿ ಹಾರಿ ಕೂತ. ಹಿಂದೆ ಓಡಿ ಬಂದ ಅಕ್ಕ ಏನಾಯ್ತೋ, ಏನಾಯ್ತೋ ಅನ್ನುತ್ತಲೇ ಇದ್ದಳು. ಮುಂದೆ, ಇಷ್ಟು ಹೊತ್ತು ಟಕಟಕ ಎನ್ನುತ್ತಿದ್ದ ಎಂಜಿನ್ ಒಮ್ಮೆ ಸುಮ್ಮನಾಗಿ, ಆಮೇಲೆ ನೀರು ಬಾಯಿಗೆ ಹೋದವರ ಹಾಗೆ ಗುಳಗುಳ ಎಂದಿತು. ದೋಣಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ.