ಸೂಜಿಯ ಕೆಳಗಿನ ಚೀಟಿ

ಈ ಕಣಜದ ಹುಳವನ್ನು ಸೀವುಡ್ಸಿನಲ್ಲಿ ಹಿಡಿದವರು ಡಾಕ್ಟರ್ ರಘುಪತಿ ಎಂದು ಸಂಶೋಧನಾ ಪ್ರಬಂಧದ ಎರಡನೆಯ ಪುಟದಲ್ಲಿ ಅಚ್ಚಾಯಿತು. ಹಿಡಿದದ್ದು ಸುಗುಣಾ.

ಠಾಣೆ ನಗರದ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅವಳು ಹನ್ನೊಂದು ವರ್ಷದಿಂದ ಅಟೆಂಡೆಂಟ್. ಪ್ರತಿ ಜೂನಿನಲ್ಲಿ ಅವಳ ಗುತ್ತಿಗೆಯ ಕಾಗದಕ್ಕೆ ಅಲ್ಲಿನ ಪ್ರೊಫೆಸರಾದ ಈ ರಘುಪತಿ ಸಹಿ ಹಾಕಬೇಕು. ಹಾಕಿದರೆ ಇನ್ನೊಂದು ವರ್ಷ. ಗಾಜು ತೊಳೆಯುವುದು, ಸ್ಪಿರಿಟ್ ತುಂಬುವುದು, ಹುಳಗಳನ್ನು ಸೂಜಿಗೆ ಏರಿಸಿ ಕೆಳಗೆ ಚೀಟಿ ಚುಚ್ಚುವುದು ಅವಳ ಕೆಲಸ. ಉಗುರಿಗಿಂತ ಚಿಕ್ಕದಾದ ಆ ಚೀಟಿಯಲ್ಲಿ ಊರು, ತಾರೀಕು, ಹಿಡಿದವರ ಹೆಸರು ಮೂರನ್ನೂ ಬರೆಯಬಲ್ಲ ಕೈ ಅಲ್ಲಿ ಅವಳದೊಂದೇ. ಕಾಗದದ ಪ್ರಕಾರ ಅಟೆಂಡೆಂಟಿಗೆ ಕೈ ಇರುತ್ತದೆ, ಕಣ್ಣು ಇರುವುದಿಲ್ಲ.

ಗಂಡ ತೀರಿಹೋಗಿ ಆರು ವರ್ಷ. ಭಾನುವಾರ ಡೊಂಬಿವಲಿಯ ಕೋಣೆಯಲ್ಲಿ ಮಾತಾಡುವವರಿಲ್ಲ. ಹಾಗಾಗಿ ಠಾಣೆಯಲ್ಲೊಮ್ಮೆ, ನೆರೂಲಿನಲ್ಲೊಮ್ಮೆ ಗಾಡಿ ಬದಲಿಸಿ ಸೀವುಡ್ಸಿಗೆ ಹೋಗುತ್ತಿದ್ದಳು. ವಾಶಿಯಲ್ಲಿರುವ ಅಣ್ಣ ಮಧ್ವರಾಜನ ಹೋಟೆಲಿನಿಂದ ತಂದಿದ್ದ ಹಳದಿ ಚಟ್ನಿ ತಟ್ಟೆಗಳಿಗೆ ಸಾಬೂನು ನೀರು ಹಾಕಿ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರಂಚಿನ ಕಾಂಡ್ಲ ಗಿಡಗಳ ಬುಡದಲ್ಲಿಟ್ಟು ಸಂಜೆಯವರೆಗೆ ಕೂರುತ್ತಿದ್ದಳು. ಹಳದಿಯನ್ನು ಕಂಡರೆ ಸಣ್ಣ ಕಣಜಗಳು ಹೂವೆಂದು ಇಳಿದು ನೀರಿನಲ್ಲಿ ಸಿಕ್ಕಿಬೀಳುತ್ತವೆ.

ಎರಡು ವರ್ಷದ ಹಿಂದೆ ಒಂದು ಇಳಿಯಿತು. ಒಂದೇ ಒಂದು. ಎಳ್ಳಿಗಿಂತ ಚಿಕ್ಕದು, ಹೆಣ್ಣು. ಬೇರೆ ಕೀಟದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಪರಾವಲಂಬಿ. ಮರಿ ಆ ಮೊಟ್ಟೆಯನ್ನು ಒಳಗಿನಿಂದಲೇ ತಿಂದು, ಬರಿಯ ಸಿಪ್ಪೆ ಬಿಟ್ಟು ಹೊರಬರುತ್ತದೆ.

ರಘುಪತಿ ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಇಣುಕಿ, "ಇದೆಂತದ್ದು, ಮಾಮೂಲಿ. ಡಬ್ಬಿಗೆ ಹಾಕು" ಎಂದರು.

ಸೂಜಿಗೆ ಏರಿಸಿ, ಕೆಳಗೆ ಚೀಟಿ ಬರೆದು ಚುಚ್ಚಿ, ಹಾಕಿದಳು. ಮರುದಿನ ತೆಗೆದಳು. ಮೀಸೆಯ ಗೆಣ್ಣುಗಳನ್ನು ಎಣಿಸಿದಳು. ಮಾಮೂಲಿಯದಕ್ಕೆ ಹನ್ನೆರಡು, ಇದಕ್ಕೆ ಹನ್ನೊಂದು. ಮುರಿದಿರಬಹುದೇ? ಇಲ್ಲ, ಎರಡು ಮೀಸೆಗೂ ಹನ್ನೊಂದೇ, ತುದಿ ಗದೆಯಂತೆ ದಪ್ಪ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಾಲ್ಕು ತಿಂಗಳು, ಊಟದ ಬಿಡುವಿನಲ್ಲೆಲ್ಲ, ಗುರುತು ಹಿಡಿಯುವ ಪುಸ್ತಕದ ಒಂದೊಂದೇ ಪ್ರಶ್ನೆ ದಾಟಿದಳು. ರೆಕ್ಕೆಯ ನರ ಉದ್ದವೇ, ಗಿಡ್ಡವೇ? ಬೆನ್ನಿನ ಮೇಲೆ ಗೆರೆಯಿದೆಯೇ? ಕೊನೆಗೆ ಉಳಿದ ಜಾತಿ ವಿಯೆಟ್ನಾಮಿನದು. ಭಾರತದಲ್ಲಿ ಕಂಡ ದಾಖಲೆಯೇ ಇರಲಿಲ್ಲ.

ಆ ಸಂಜೆ ಯಾರಿಗಾದರೂ ಹೇಳಬೇಕೆನಿಸಿ ಅಣ್ಣನಿಗೆ ಫೋನು ಮಾಡಿದಳು.

"ಹುಳವಾ?" ಹೋಟೆಲಿನ ಗದ್ದಲದ ನಡುವೆ ಮಧ್ವರಾಜ ನಕ್ಕ. "ನನ್ನ ರವೆಯಲ್ಲಿ ಬೇಕಾದಷ್ಟು ಉಂಟು ಮಾರಾಯ್ತಿ, ಬಂದು ತಗೊಂಡು ಹೋಗು. ಅಲ್ಲ, ನನ್ನ ಚಟ್ನಿ ತಟ್ಟೆ ವಾಪಸ್ ಯಾವಾಗ?"

ಅವಳೂ ನಕ್ಕಳು. ಫೋನು ಇಟ್ಟ ಮೇಲೆ ಫ್ಯಾನಿನ ಸದ್ದು ಮಾತ್ರ ಉಳಿಯಿತು.

ಟಿಪ್ಪಣಿಗಳನ್ನು ರಘುಪತಿಗೆ ಕೊಟ್ಟಳು. ಅವರು ಹುಳದ ಫೋಟೋ ಹೊರದೇಶದ ತಜ್ಞರಿಗೆ ಕಳಿಸಿದರು. ಹೌದು, ಅದೇ ಎಂದು ಉತ್ತರ ಬಂತು. ಪ್ರಬಂಧ ಬಂತು. ಕಾಲೇಜಿನ ಗೇಟಿಗೆ ರಘುಪತಿಯ ಚಿತ್ರದ ಬ್ಯಾನರ್ ಏರಿತು. ಅದನ್ನು ಕಟ್ಟುವಾಗ ಏಣಿ ಹಿಡಿದವಳು ಸುಗುಣಾ.

ಈಗ ಇಂಥ ಹುಳಗಳನ್ನು ಕಾಯ್ದಿಡುವ ಮ್ಯೂಸಿಯಮ್ಮಿನವರು ಪತ್ರ ಬರೆದಿದ್ದರು: ಹುಳವನ್ನು ಕೈಬರಹದ ಮೂಲ ಚೀಟಿಯ ಸಮೇತ ಕಳಿಸಿ. ರಘುಪತಿ ಮೊದಲ ಬಾರಿಗೆ ಆ ಚೀಟಿಯನ್ನು ಓದಿದರು. ಹಿಡಿದವರು: ಸುಗುಣಾ.

"ಇದನ್ನು ತೆಗಿ. ನನ್ನ ಹೆಸರಲ್ಲಿ ಇನ್ನೊಂದು ಬರಿ. ಅದೇ ತಾರೀಕು, ಅದೇ ಶಾಯಿ."

"ಚೀಟಿ ತೆಗೆಯಬಾರದು ಅಂತ ನೀವೇ ಕಲಿಸಿದ್ದಲ್ವಾ ಸರ್? ತಪ್ಪಿದ್ರೂ ತೆಗೆಯಬಾರದು, ಕೆಳಗೆ ಇನ್ನೊಂದು ಚುಚ್ಚಬೇಕು ಅಂತ."

"ಪ್ರಬಂಧದಲ್ಲೊಂದು, ಚೀಟಿಯಲ್ಲೊಂದು ಇದ್ರೆ ನನ್ನ ಮಾನ ಏನಾಗ್ತದೆ? ಲ್ಯಾಬ್ ಸಿಬ್ಬಂದಿಗೆ ಥ್ಯಾಂಕ್ಸ್ ಅಂತ ಹಾಕಿದ್ದೇನಲ್ಲ! ಇಲ್ಲಿ ಸಿಬ್ಬಂದಿ ಅಂದ್ರೆ ಯಾರು? ನೀನೊಬ್ಬಳೇ." ಅವರು ಚಿಮಟವನ್ನು ಅವಳತ್ತ ಸರಿಸಿದರು. ದನಿ ಮೃದುವಾಯಿತು. "ಜೂನ್ ಬಂತಲ್ಲ ಸುಗುಣಾ. ನಮ್ಮ ಉಡುಪಿಯವಳು ಅಂತಲೇ ಇಷ್ಟು ವರ್ಷ ಸಹಿ ಹಾಕಿದ್ದು. ಹತ್ತು ನಿಮಿಷದ ಕೆಲಸ, ಖತಂ ಮಾಡು."

ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಕಣಜ ಹಾಗೇ ಇತ್ತು, ಹನ್ನೊಂದು ಗೆಣ್ಣುಗಳೂ ಸರಿಯಾಗಿದ್ದವು. ಕೆಳಗೆ ಅವಳ ಅಕ್ಷರ. ಅಷ್ಟು ಭಾನುವಾರ ಅವಳು ಆ ಕೆಸರಂಚಿನಲ್ಲಿ ಕೂತಿದ್ದಳೆನ್ನುವುದಕ್ಕೆ ಲೋಕದಲ್ಲಿದ್ದ ಸಾಕ್ಷಿ ಅದೊಂದೇ.

ಪೆನ್ನಿಗೆ ಮುಚ್ಚಳ ಹಾಕಿ, ಚಿಮಟದ ಪಕ್ಕದಲ್ಲಿಟ್ಟಳು.

"ನಿಮ್ಮ ಹೆಸರು ಬೇಕಿದ್ರೆ ಕೆಳಗೆ ನೀವೇ ಬರೆದು ಚುಚ್ಚಿ ಸರ್. ನಾನು ಬರೆಯೋದಿಲ್ಲ. ಇದನ್ನು ತೆಗೆಯೋದೂ ಇಲ್ಲ."